ಮಗಳು ಜೂನ್‌ನಿಂದ ಶಾಲೆ ಬಸ್ಸಿಗೆ: ಏನೇನು ನೋಡಬೇಕು, ಏನು ಹೇಳಿಕೊಡಬೇಕು?

ಕೇಳಿದವರು: ಬೋಗಾದಿಯ ಒಬ್ಬ ತಾಯಿ

ಮಗಳಿಗೆ ಆರು ತುಂಬಿದೆ, ಜೂನ್‌ನಿಂದ ಒಂದನೇ ಕ್ಲಾಸು. ಶಾಲೆ ಮನೆಯಿಂದ 11 ಕಿಲೋಮೀಟರ್. ಬಸ್ಸು ಮನೆ ಮುಂದಕ್ಕೆ ಬರುವುದಿಲ್ಲ, ಬೆಳಿಗ್ಗೆ 7.40ಕ್ಕೆ ರಿಂಗ್ ರೋಡಿಗೆ ಸೇರುವ ತಿರುವಿನಲ್ಲಿ ನಿಲ್ಲುತ್ತದಂತೆ. ಫೀಸು ಕಟ್ಟುವ ಮೊದಲು ಏನೇನು ನೋಡಬೇಕು? ಮಗುವಿಗೆ ಏನು ಹೇಳಿಕೊಡಬೇಕು? ನಾದಿನಿಯ ಮಕ್ಕಳು ಮಂಡ್ಯ ಹತ್ತಿರದ ಹಳ್ಳಿಯಿಂದ ವ್ಯಾನಿನಲ್ಲಿ ಹೋಗುತ್ತಾರೆ, ಅವರಿಗೂ ಉಪಯೋಗವಾಗುವಂತೆ ಹೇಳಿ.

ಮೈಸೂರಿನ ಶಾಲೆ ಬಸ್ ಡ್ರೈವರ್

ಅಕ್ಕ, ಎಲ್ಲರೂ ಬಸ್ಸು ಓಡುವಾಗಿನ ಅಪಾಯ ಯೋಚನೆ ಮಾಡ್ತಾರೆ. ನಿಜವಾದ ಭಯ ಇರೋದು ಬಸ್ಸು ನಿಂತಾಗ, ಅದರ ಸುತ್ತಲಿನ ಹತ್ತು ಅಡಿಯಲ್ಲಿ. ಡ್ರೈವರ್ ಸೀಟು ಎತ್ತರದಲ್ಲಿರುತ್ತೆ, ಒಂದನೇ ಕ್ಲಾಸಿನ ಮಗು ಬಂಪರ್ ಹತ್ತಿರ ನಿಂತರೆ ತಲೆಯೂ ಕಾಣಲ್ಲ. ಮೂತಿ ಇರುವ ಬಸ್ಸಾದರೆ ಇನ್ನೂ ಕಷ್ಟ. ಶಾಲೆಗೆ ಹೋದಾಗ ಕೇಳಿಕೊಂಡು ನಿಂತ ಬಸ್ಸಿನ ಡ್ರೈವರ್ ಸೀಟಲ್ಲಿ ನೀವೇ ಒಂದು ನಿಮಿಷ ಕೂತು ನೋಡಿ, ನಿಮ್ಮ ಮನೆಯವರು ಮಗುವಿನ ಕೈ ಹಿಡಿದುಕೊಂಡು ಮುಂದಿನಿಂದ ನಡೆಸಲಿ. ಎಲ್ಲಿಂದ ಎಲ್ಲಿವರೆಗೆ ಮಗು ಮಾಯ ಆಗುತ್ತೆ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತೆ. ಆಮೇಲೆ ಮಗುವನ್ನೂ ಆ ಸೀಟಲ್ಲಿ ಕೂರಿಸಿ, ನೀವು ಮುಂದೆ ನಿಂತು ಬಗ್ಗಿ ತೋರಿಸಿ. ಬಾಯಲ್ಲಿ ನೂರು ಸಲ ಹೇಳುವುದಕ್ಕಿಂತ ಇದು ಚೆನ್ನಾಗಿ ನೆನಪಿರುತ್ತೆ.

ಎರಡನೇದು ಎಡಗಡೆಯ ಹಿಂದಿನ ಚಕ್ರ. ಬಸ್ಸು ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತೆ. ಮುಂದಿನ ಭಾಗ ದಾಟಿ ಹೋಯ್ತು ಅಂತ ಮಗು ಒಂದು ಹೆಜ್ಜೆ ಮುಂದೆ ಬಂದರೆ ಚಕ್ರ ಅಲ್ಲಿಗೇ ಬರುತ್ತೆ. ನಿಮ್ಮ ಸ್ಟಾಪು ತಿರುವಿನಲ್ಲೇ ಅಂದಿರಲ್ಲ, ಅದನ್ನ ಮೊದಲು ಬದಲಾಯಿಸಿಸಿ. ತಿರುವಿನಿಂದ 25-30 ಮೀಟರ್ ಆಚೆ, ನೇರ ರಸ್ತೆಯಲ್ಲಿ, ಮೋರಿ ಚಪ್ಪಡಿ ಒಡೆದಿಲ್ಲದ ಜಾಗ ನೋಡಿ ಶಾಲೆಗೆ ಬರೆದುಕೊಡಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಡ್ರೈವರಿಗೂ ಅದೇ ಸುಲಭ.

ಹತ್ತುವಾಗ ರಸ್ತೆ ಅಂಚಿನಿಂದ ಐದು ಹೆಜ್ಜೆ ಹಿಂದೆ ನಿಲ್ಲಲಿ. ಬಸ್ಸು ಪೂರ್ತಿ ನಿಂತು, ಬಾಗಿಲು ತೆರೆದು, ಆಯಾ ಕೆಳಗಿಳಿದ ಮೇಲೆ ಮುಂದೆ ಬರಲಿ. ಒಂದು ಕೈ ಕಂಬಿ ಹಿಡಿಯಲು ಖಾಲಿ ಇರಬೇಕು, ಊಟದ ಬ್ಯಾಗು ನೀರಿನ ಬಾಟಲಿ ಎರಡೂ ಕೈಯಲ್ಲಿ ಬೇಡ.

ಇಳಿಯುವಾಗಿನದು ಇನ್ನೂ ಮುಖ್ಯ. ನೀವು ಬಸ್ಸಿನ ಬಾಗಿಲು ಇರುವ ಕಡೆಯೇ ನಿಂತಿರಬೇಕು. ರಸ್ತೆಯ ಆ ಕಡೆ ನಿಂತು ಕೈ ಬೀಸಿದರೆ ಮಗು ಬೇರೆ ಏನೂ ನೋಡಲ್ಲ, ಅಮ್ಮನ್ನ ನೋಡಿಕೊಂಡು ಓಡಿಬಿಡುತ್ತೆ. ಅಮೆರಿಕದ ವಿಡಿಯೋಗಳಲ್ಲಿ ಮಕ್ಕಳು ಬಸ್ಸಿನ ಮುಂದಿನಿಂದ ದಾಟೋದನ್ನ ತೋರಿಸ್ತಾರೆ. ಅಲ್ಲಿ ಬಸ್ಸಿನ ಕೆಂಪು ದೀಪ ಹೊಳೆದರೆ ಉಳಿದ ಗಾಡಿಗಳು ನಿಲ್ಲಬೇಕು ಅಂತ ಕಾನೂನಿದೆ. ನಮ್ಮಲ್ಲಿ ಯಾರೂ ನಿಲ್ಲಲ್ಲ, ನಿಂತ ಬಸ್ಸನ್ನ ಬಲಗಡೆಯಿಂದ ಜೋರಾಗಿ ಓವರ್‌ಟೇಕ್ ಮಾಡ್ತಾರೆ. ಅದಕ್ಕೇ ಮುಂದಿನಿಂದಲೂ ಬೇಡ, ಹಿಂದಿನಿಂದಲೂ ಬೇಡ. ಬಸ್ಸು ಹೋಗಿಬಿಡಲಿ, ರಸ್ತೆ ಎರಡೂ ಕಡೆ ಕಾಣಲಿ, ಆಮೇಲೆ ಕೈ ಹಿಡಿದು ದಾಟಿ.

ಎರಡು ಮಕ್ಕಳ ತಾಯಿ, ಕುವೆಂಪುನಗರ

ಮೇಲಿನವರು ಹೇಳಿದ ಹತ್ತು ಅಡಿಯ ಮಾತಿಗೆ ಸೇರಿಸುತ್ತೇನೆ. ಮಗು ಬಸ್ಸಿನ ಪಕ್ಕ ಬಗ್ಗುವುದು ಯಾವಾಗ ಅಂದರೆ ಏನಾದರೂ ಬಿದ್ದಾಗ: ಬಾಟಲಿ, ಟಿಫನ್ ಮುಚ್ಚಳ, ಕ್ರಾಫ್ಟ್ ಕ್ಲಾಸಿನ ಹಾಳೆ. "ಬಿದ್ದರೆ ಬಿಡು, ಆಯಾಗೆ ಹೇಳು, ಬೈಯಲ್ಲ" ಎಂದು ಮನೆಯಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಬಾಟಲಿ ಕಳೆದರೆ ಬೈಯುವ ಮನೆಯ ಮಗು ಚಕ್ರದ ಕೆಳಗಾದರೂ ಕೈ ಹಾಕುತ್ತದೆ.

ಇನ್ನೊಂದು, ಐಡಿ ಕಾರ್ಡಿನ ದಾರ. ಇಳಿಯುವಾಗ ಅದು ಕಂಬಿಯ ಬುಡದ ಸಂದಿಗೋ ಬಾಗಿಲ ಚಿಲಕಕ್ಕೋ ಸಿಕ್ಕಿಕೊಳ್ಳುತ್ತದೆ, ಮಗು ಕೆಳಗೆ, ದಾರ ಮೇಲೆ. ಎಳೆದರೆ ತಾನೇ ಬಿಚ್ಚಿಕೊಳ್ಳುವ ಕ್ಲಿಪ್ ಇರುವ ದಾರ ಹಾಕಿಸಿ, ಇಲ್ಲದಿದ್ದರೆ ಹತ್ತುವಾಗ ಇಳಿಯುವಾಗ ಕಾರ್ಡನ್ನು ಶರ್ಟಿನ ಒಳಗೆ ಇಳಿಬಿಡಲಿ. ಬ್ಯಾಗಿನ ಉದ್ದದ ಪಟ್ಟಿಗಳನ್ನು ಕತ್ತರಿಸಿ ತುದಿ ಸುಟ್ಟುಬಿಡಿ. ಹೈಸ್ಕೂಲಿನ ಹೆಣ್ಣುಮಕ್ಕಳ ವೇಲಿಗೂ ಇದೇ ಮಾತು, ಎರಡೂ ತುದಿ ಪಿನ್ ಹಾಕಿರಲಿ.

ಶಾಲೆಯೊಂದರ ಸಾರಿಗೆ ಉಸ್ತುವಾರಿ ಶಿಕ್ಷಕರು

ಕಾಗದದ ವಿಷಯ ನಾನು ಹೇಳುತ್ತೇನೆ. ಬಸ್ಸಿನ ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ), ವಿಮೆ, ಹೊಗೆ ತಪಾಸಣೆ ಯಾವಾಗ ಮುಗಿಯುತ್ತದೆ ಎಂದು ತೋರಿಸುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಅದಕ್ಕಿಂತ ಹಳೆಯದಾದರೆ ಪ್ರತಿ ವರ್ಷ. ಹಳೆಯ ಗಾಡಿ ಎಂದಾಕ್ಷಣ ಕೆಟ್ಟದ್ದಲ್ಲ, ಆದರೆ ದಿನಾಂಕ ದಾಟಿದ್ದರೆ ಮಾತೇ ಬೇಡ.

ಡ್ರೈವರ್ ಬಗ್ಗೆ ಸುಪ್ರೀಂ ಕೋರ್ಟಿನ 1997ರ ಆದೇಶ ಸ್ಪಷ್ಟವಾಗಿದೆ: ಭಾರಿ ವಾಹನ ಓಡಿಸಿ ಕನಿಷ್ಠ 5 ವರ್ಷದ ಅನುಭವ ಇರಬೇಕು, ಕುಡಿದು ಅಥವಾ ಅತಿವೇಗದಲ್ಲಿ ಓಡಿಸಿ ಒಮ್ಮೆ ಸಿಕ್ಕಿಬಿದ್ದಿದ್ದರೂ ಇಟ್ಟುಕೊಳ್ಳಬಾರದು. ಶಾಲೆ ಬಸ್ಸಿನ ವೇಗ 40 ಕಿಲೋಮೀಟರಿಗೆ ಕಟ್ಟಿರಬೇಕು ಎಂಬುದೂ ಅಲ್ಲಿಂದಲೇ ಬಂದದ್ದು. ಆ ವೇಗದಲ್ಲೂ ಬಸ್ಸು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, ಡ್ರೈವರಿನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಬಸ್ಸಿನುದ್ದ ಮುಗಿದಿರುತ್ತದೆ.

ಇದಕ್ಕಿಂತ ಹೆಚ್ಚಾಗಿ ಶಾಲೆಗೆ ಮೂರು ಪ್ರಶ್ನೆ ಕೇಳಿ. ಸಂಜೆ ನೀವು ಸ್ಟಾಪಿನಲ್ಲಿ ಇಲ್ಲದಿದ್ದರೆ ಮಗುವನ್ನು ಏನು ಮಾಡುತ್ತಾರೆ? ಸರಿಯಾದ ಉತ್ತರ "ಇಳಿಸುವುದಿಲ್ಲ, ಫೋನ್ ಮಾಡಿ ಶಾಲೆಗೆ ವಾಪಸ್ ಕರೆತರುತ್ತೇವೆ". "ಪಕ್ಕದ ಮನೆಯವರ ಜೊತೆ ಕಳಿಸುತ್ತೇವೆ" ಎಂದರೆ ಯಾರು ಯಾರಿಗೆ ಒಪ್ಪಿಸಬಹುದು ಎಂಬ ಫೋಟೋ ಸಹಿತ ಪಟ್ಟಿ ಬರೆಸಿಕೊಡಿ. ಎರಡನೆಯದು, ಬಸ್ಸು ಕೆಟ್ಟ ದಿನ ಬದಲಿ ಗಾಡಿ ಯಾರದು, ಅದರಲ್ಲಿ ಆಯಾ ಇರುತ್ತಾರಾ? ಎಡವಟ್ಟಾಗುವುದು ಆ ದಿನವೇ, ಏಕೆಂದರೆ ಹೊಸ ಡ್ರೈವರಿಗೆ ಸ್ಟಾಪೂ ಗೊತ್ತಿರುವುದಿಲ್ಲ ಮಕ್ಕಳೂ ಗೊತ್ತಿರುವುದಿಲ್ಲ. ಮೂರನೆಯದು, ಟ್ರಿಪ್ಪು ಮುಗಿದ ಮೇಲೆ ಕೊನೆಯ ಸೀಟಿನವರೆಗೆ ನಡೆದು ನೋಡುವವರು ಯಾರು? ಚಿಕ್ಕ ಮಕ್ಕಳು ನಿದ್ದೆ ಹೋಗಿ ಸೀಟಿನ ಮೇಲೆ ಮಲಗಿದರೆ ಮುಂದಿನಿಂದ ಕಾಣುವುದಿಲ್ಲ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ ಬಸ್ಸು ಬಿಸಿಲಿಗೆ ನಿಂತರೆ ಒಳಗಿನ ಕಾವು ಬೇಗ ಏರುತ್ತದೆ. ಇಳಿದ ತಲೆ ಎಣಿಸಿದರೆ ಸಾಲದು. ಸೀಟಿನ ಕೆಳಗೂ ಬಗ್ಗಿ ನೋಡಬೇಕು, ಹಾಗೆ ನೋಡಿದ್ದಕ್ಕೆ ಸಹಿ ಹಾಕುವ ಪುಸ್ತಕವಿರಬೇಕು.

ಬಸ್ ಬಾಡಿ ಮತ್ತು ಮೆಕ್ಯಾನಿಕ್ ಕೆಲಸದವರು, ಮೈಸೂರು

ಬಸ್ಸು ಹತ್ತಿದಾಗ ನೇರ ಎಮರ್ಜೆನ್ಸಿ ಬಾಗಿಲ ಹತ್ತಿರ ಹೋಗಿ. ಕಿಟಕಿಗೆ ಅಡ್ಡಕಂಬಿ ಹಾಕಿರ್ತಾರೆ, ಮಕ್ಕಳು ಕೈ ತಲೆ ಹೊರಗೆ ಹಾಕಬಾರದು ಅಂತ. ಅದು ಸರಿ, ಆದರೆ ಅದೇ ಕಾರಣಕ್ಕೆ ಕಿಟಕಿಯಿಂದ ಯಾರೂ ಹೊರಗೆ ಬರಕ್ಕಾಗಲ್ಲ. ಬಸ್ಸು ಎಡಕ್ಕೆ ಮಗುಚಿತು ಅನ್ನಿ, ಹತ್ತುವ ಬಾಗಿಲು ನೆಲಕ್ಕೆ ಒತ್ತಿಕೊಂಡು ಬಿಡುತ್ತೆ. ಆಗ ಉಳಿಯೋದು ಹಿಂದಿನ ಅಥವಾ ಬಲಗಡೆಯ ಎಮರ್ಜೆನ್ಸಿ ಬಾಗಿಲು ಒಂದೇ. ಅದು ಗಡಗಡ ಶಬ್ದ ಮಾಡುತ್ತೆ ಅಂತ ಬೈಂಡಿಂಗ್ ವೈರ್ ಹಾಕಿ ಕಟ್ಟಿರೋದು, ಅದರ ಮುಂದೆ ಒಂದು ಸೀಟು ಹೆಚ್ಚಿಗೆ ಬೋಲ್ಟ್ ಮಾಡಿರೋದು, ಸ್ಟೆಪ್ನಿ ಮಲಗಿಸಿರೋದು ಇದೆಲ್ಲ ನೋಡಕ್ಕೆ ಸಿಗುತ್ತೆ. ಹಿಡಿ ಒಂದೇ ಕೈಯಲ್ಲಿ ತಿರುಗಬೇಕು, ಬಾಗಿಲು ಹೊರಕ್ಕೆ ಪೂರ್ತಿ ತೆರೆಯಬೇಕು. ದೊಡ್ಡ ಕ್ಲಾಸಿನ ಇಬ್ಬರು ಮಕ್ಕಳಿಗೆ ಅದನ್ನ ತೆಗೆದು ಅಭ್ಯಾಸ ಮಾಡಿಸಿರಬೇಕು.

ಬೆಂಕಿ ಆರಿಸುವ ಸಿಲಿಂಡರಿನಲ್ಲಿ ಮುಳ್ಳು ಹಸಿರಿನಲ್ಲಿದೆಯಾ, ಪಿನ್ನು ಸೀಲು ಇದೆಯಾ, ರೀಫಿಲ್ ತಾರೀಖು ದಾಟಿಲ್ಲವಾ, ಅಷ್ಟು ನೋಡಿ. ಬಸ್ಸಿನ ಅಲುಗಾಟಕ್ಕೆ ಒಳಗಿನ ಪುಡಿ ತಳದಲ್ಲಿ ಗಟ್ಟಿ ಕೂತುಬಿಡುತ್ತೆ, ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲ್ಲಾಡಿಸಬೇಕು. ಇದು ಬಹಳ ಡ್ರೈವರುಗಳಿಗೇ ಗೊತ್ತಿಲ್ಲ.

ಮಂಡ್ಯ ಕಡೆಯಿಂದ, ಪೋಷಕರ ಸಮಿತಿಯವರು

ನಿಮ್ಮ ನಾದಿನಿಗೆ ಮೊದಲು ಹೇಳಬೇಕಾದ್ದು: ವ್ಯಾನಿನ ನಂಬರ್ ಪ್ಲೇಟು ನೋಡಲಿ. ವೈಟ್ ಬೋರ್ಡ್, ಅಂದರೆ ಬಿಳಿ ಪ್ಲೇಟಿನ ಸ್ವಂತ ಬಳಕೆಯ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಕೂರಿಸುವಂತಿಲ್ಲ. ಅಪಘಾತವಾದರೆ ಪರಿಹಾರ ಕೊಡುವಾಗ ವಿಮೆಯವರು ತಕರಾರು ತೆಗೆಯುವುದು ಇಲ್ಲೇ. ಒಳಗೆ ಎರಡು ಸೀಟಿನ ನಡುವೆ ಮರದ ಬೆಂಚು ಇಟ್ಟಿದ್ದರೆ, ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರಿನ ಮೇಲೆಯೇ ಬ್ಯಾಗು ತುಂಬಿದ್ದರೆ, ಆ ವ್ಯಾನ್ ಬಿಡಿಸಿ. 12 ವರ್ಷದೊಳಗಿನ ಮಕ್ಕಳಾದರೆ ಸೀಟಿನ ಲೆಕ್ಕದ ಒಂದೂವರೆ ಪಟ್ಟು ಎಂಬುದು ಮಿತಿ, ಅದಕ್ಕಿಂತ ದೊಡ್ಡವರಾದರೆ ಒಬ್ಬರಿಗೆ ಒಂದು ಸೀಟು. ಹೆಚ್ಚಿಗೆ ತುಂಬಿದ ಪ್ರತಿ ತಲೆಗೆ 200 ರೂಪಾಯಿ ದಂಡವಿದೆ, ಆದರೆ ದಂಡ ಬೀಳುವವರೆಗೆ ಕಾಯಬಾರದು. ನಾಲ್ಕು ಮನೆಯವರು ಒಟ್ಟಾಗಿ, ತಿಂಗಳಿಗೆ ಸ್ವಲ್ಪ ಹೆಚ್ಚಿಗೆ ಕೊಡುತ್ತೇವೆ ಮಕ್ಕಳನ್ನು ಕಡಿಮೆ ಮಾಡು ಎಂದರೆ ಡ್ರೈವರ್ ಕೇಳುತ್ತಾನೆ. ಅವನು ತುಂಬುವುದೂ ಡೀಸೆಲ್ ಲೆಕ್ಕಕ್ಕೇ.

ನಮ್ಮ ಕಡೆ ನಾಲೆ ಏರಿಯ ರಸ್ತೆ ಬೇರೆಯೇ ಲೆಕ್ಕ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಮೆಕ್ಯಾನಿಕ್ ಅವರು ಹೇಳಿದ ಆ ಎರಡನೇ ಬಾಗಿಲ ಬೆಲೆ ಮಂಡ್ಯದವರಿಗೆ ಯಾರೂ ವಿವರಿಸಬೇಕಾಗಿಲ್ಲ. ವ್ಯಾನ್ ಹೋಗುವ ರೂಟಿನಲ್ಲಿ ಒಂದು ದಿನ ನೀವೇ ಹೋಗಿ, ತಡೆಗೋಡೆ ಇಲ್ಲದ ಏರಿ ಎಷ್ಟು ದೂರ ಇದೆ ನೋಡಿ. ಐದು ಕಿಲೋಮೀಟರ್ ಸುತ್ತಾದರೂ ಊರೊಳಗಿನ ರಸ್ತೆಯಲ್ಲೇ ಹೋಗು ಎಂದು ಹೇಳುವ ಹಕ್ಕು ನಿಮಗಿದೆ. ಕಬ್ಬು ಅರೆಯುವ ಸೀಸನ್ನಿನಲ್ಲಿ ಲೋಡು ಟ್ರಾಕ್ಟರಿನ ಹಿಂದೆ ರಿಫ್ಲೆಕ್ಟರ್ ಇರುವುದಿಲ್ಲ, ಕಬ್ಬಿನ ತುದಿ ಎರಡೂ ಕಡೆ ಚಾಚಿರುತ್ತದೆ. ಮಂಜು ಬೀಳುವ ಬೆಳಿಗ್ಗೆ ಅದನ್ನು ಓವರ್‌ಟೇಕ್ ಮಾಡುವ ಡ್ರೈವರ್ ಬೇಡವೇ ಬೇಡ.

ಬೆಂಗಳೂರು-ಮೈಸೂರು ಹೆದ್ದಾರಿ ಪಕ್ಕದ ಊರಾದರೆ ಇದನ್ನೂ ಗಮನಿಸಿ: 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡುವುದಿಲ್ಲ, ಅವೆಲ್ಲ ಸರ್ವಿಸ್ ರಸ್ತೆಯಲ್ಲೇ. ರಾಂಗ್ ಸೈಡಿನಲ್ಲಿ ಬರುವವರೂ ಅಲ್ಲೇ. ವ್ಯಾನು ನಿಂತಾಗ ಎಡಗಡೆಯ ಸಂದಿಯಲ್ಲೂ ಬೈಕ್ ನುಗ್ಗುತ್ತದೆ, ಹಾಗಾಗಿ ಮೊದಲು ದೊಡ್ಡವರು ಇಳಿದು ಹಿಂದೆ ನೋಡಿ ಆಮೇಲೆ ಮಗುವನ್ನು ಇಳಿಸಬೇಕು.

ಕೇಳಿದವರು

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಬಸ್ಸಿನಲ್ಲಿ ಸೀಟ್ ಬೆಲ್ಟ್ ಇಲ್ಲ, ಎಲ್ಲಿ ಕೂರಿಸಲು ಹೇಳಲಿ? ಬೆಳಿಗ್ಗೆ ಬಸ್ಸು ತಪ್ಪಿದರೆ ಮುಂದಿನ ಸ್ಟಾಪಿನಲ್ಲಿ ಹಿಡಿಯಬಹುದಾ?

ಮೈಸೂರಿನ ಶಾಲೆ ಬಸ್ ಡ್ರೈವರ್

ಮಧ್ಯದ ಸಾಲು, ಕಿಟಕಿ ಕಡೆ. ಎದುರಿಗೆ ಮೆತ್ತೆ ಇರುವ ಸೀಟಿನ ಬೆನ್ನು ಇರಬೇಕು, ಸಡನ್ ಬ್ರೇಕಿಗೆ ಅದೇ ತಡೆ. ಎದುರು ಏನೂ ಇಲ್ಲದ ಮೊದಲ ಸೀಟು, ಇಂಜಿನ್ ಮೇಲಿನ ಜಾಗ, ಅಡ್ಡ ಹಾಕಿದ ಸೀಟು ಬೇಡ. ಬೆನ್ನು ಪೂರ್ತಿ ಒರಗಿರಲಿ, ಬ್ಯಾಗು ಬೆನ್ನಿಂದ ತೆಗೆದು ಸೀಟಿನ ಕೆಳಗೆ. ಬ್ಯಾಗ್ ಹಾಕಿಕೊಂಡೇ ಕೂತರೆ ಮಗು ಸೀಟಿನ ತುದಿಗೆ ಬಂದಿರುತ್ತೆ, ಕಾಲೂ ನೆಲಕ್ಕೆ ಎಟುಕಲ್ಲ, ಬ್ರೇಕ್ ಹಾಕಿದರೆ ಜಾರುತ್ತೆ. ಬಸ್ಸಿನಲ್ಲಿ ಪೆನ್ಸಿಲ್, ಕಡ್ಡಿ ಇರುವ ಕ್ಯಾಂಡಿ ಬಾಯಲ್ಲಿ ಬೇಡ.

ತಪ್ಪಿದ ಬಸ್ಸನ್ನ ಹಿಡಿಯಬೇಡಿ ಅಕ್ಕ. ಸ್ಕೂಟರಲ್ಲಿ ಮಗುವನ್ನ ಮುಂದೆ ನಿಲ್ಲಿಸಿಕೊಂಡು ಬಸ್ಸಿಗೆ ಅಡ್ಡ ಬಂದು ನಿಲ್ಲಿಸೋರನ್ನ ದಿನಾ ನೋಡ್ತೀವಿ, ನಮಗೆ ಎದೆ ಧಸಕ್ ಅನ್ನುತ್ತೆ. ಮುಂದಿನ ಸ್ಟಾಪಿನಲ್ಲಿ ಹತ್ತಿಸಿದರೂ ಆಯಾ ಹಾಜರಿ ಹಾಕಿ ಮುಗಿಸಿರ್ತಾರೆ, ಸಂಜೆ ಲೆಕ್ಕ ತಪ್ಪುತ್ತೆ. ಅವತ್ತು ನೀವೇ ಶಾಲೆವರೆಗೆ ಬಿಟ್ಟು, ಆಫೀಸಿನಲ್ಲಿ "ಬೆಳಿಗ್ಗೆ ಬಸ್ಸಿಗೆ ಬಂದಿಲ್ಲ, ಸಂಜೆ ಬಸ್ಸಿಗೆ ಬರ್ತಾಳೆ" ಅಂತ ಬರೆಸಿ ಹೋಗಿ.