ಸಹಾಯ ಬೇಕು: ಪ್ರೀತಿ, ಅಗಲಿಕೆ, ಗಟ್ಟಿ ಹೆಣ್ಣು ಇರೋ ಹೊಸ ಕಾದಂಬರಿ

ಬಸವನಗುಡಿಯ ನಮ್ಮ ಓದು ಬಳಗಕ್ಕೆ ಮುಂದಿನ ಪುಸ್ತಕ ಆರಿಸಬೇಕು, ಸಿಕ್ಕಿಹಾಕಿಕೊಂಡಿದ್ದೀವಿ. ತ್ರಿವೇಣಿಯವರ 'ಶರಪಂಜರ', ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಎಲ್ಲರೂ ಓದಿಯಾಗಿದೆ. ಯಾರನ್ನ ಕೇಳಿದರೂ ಮತ್ತೆ ಇವನ್ನೇ ಹೇಳ್ತಾರೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಸಣ್ಣಕಥೆಗಳಿಗೆ; ನಮಗೆ ಬೇಕಿರೋದು ಕಾದಂಬರಿ.

ಗಾಂಧಿಬಜಾರ್, ಅವೆನ್ಯೂ ರಸ್ತೆಯ ಅಂಗಡಿಗಳಲ್ಲೂ, ಆನ್‌ಲೈನಲ್ಲೂ ಹುಡುಕಿದ್ವಿ. ಆನ್‌ಲೈನ್ ಪಟ್ಟಿಯಲ್ಲಿ ಮರುಮುದ್ರಣದ ವರ್ಷ ಹಾಕಿರ್ತಾರೆ, ಹಾಗಾಗಿ ಎಪ್ಪತ್ತರ ದಶಕದ ಪುಸ್ತಕವೂ ಹೊಸದರ ಹಾಗೆ ಕಾಣುತ್ತೆ. ಒಳಪುಟದಲ್ಲಿ 'ಮೊದಲ ಮುದ್ರಣ' ನೋಡಿದರೇನೇ ನಿಜ ಗೊತ್ತಾಗೋದು.

ಗೊಂದಲ ಇರೋದು ಇಲ್ಲಿ: ಬೆನ್ನುಡಿಯಲ್ಲಿ 'ದಿಟ್ಟ ಮಹಿಳೆ' ಅಂತಿರುತ್ತೆ, ಒಳಗೆ ನೋಡಿದರೆ ಬರೀ ಸಹನೆ, ತ್ಯಾಗ. ಇಲ್ಲವೇ ಗಂಡ ಸತ್ತ ದುಃಖವೆಲ್ಲ ಕೊನೆಗೆ ಇನ್ನೊಂದು ಮದುವೆಯಲ್ಲಿ ಮಾಯ. (ಮರುಮದುವೆ ಬೇಡ ಅಂತಲ್ಲ, ಅದೇ ಔಷಧಿ ಆಗೋದು ಬೇಡ.) ದುಡ್ಡು, ಮನೆ, ಮಕ್ಕಳ ಬಗ್ಗೆ ಅವಳೇ ತೀರ್ಮಾನ ತಗೊಳ್ಳೋ ಕಥೆ ಬೇಕು.

2015ರ ನಂತರ ಮೊದಲ ಮುದ್ರಣ ಕಂಡ, 250 ಪುಟದೊಳಗಿನ, ಈಗಲೂ ಪ್ರತಿ ಸಿಗೋ ಅಂಥ ಕಾದಂಬರಿ ಯಾವುದು? ಅನುವಾದವಾದರೂ ಸರಿ. ಹೆಸರಿನ ಜೊತೆ ಪ್ರಕಾಶನ, ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಅಂತಲೂ ತಿಳಿಸ್ತೀರಾ?