ಹೆರಿಗೆ ರಜೆ ಮುಗೀತಿದೆ, "ರಾಜೀನಾಮೆ ಕೊಟ್ಟು ಮತ್ತೆ ಸೇರಿ" ಅಂತಿದ್ದಾರೆ

ಪ್ರಶ್ನೆ: ಬೆಂಗಳೂರಿನ ಖಾಸಗಿ ಕಂಪನಿ, 120 ಜನ ಇದ್ದಾರೆ. ಸಂಬಳ 34,000, ಹಾಗಾಗಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ. ಮೊದಲ ಮಗು. ರಜೆ ಶುರುವಾಗಿದ್ದು ಜನವರಿ 6. ಆ ಜಾಗಕ್ಕೆ ಬೇರೆಯವರನ್ನು ತಗೊಂಡಿದ್ದಾರಂತೆ. ರಾಜೀನಾಮೆ ಕೊಟ್ಟರೆ 28,000ಕ್ಕೆ ಹೊಸ ಆಫರ್ ಲೆಟರ್ ಕೊಡ್ತಾರಂತೆ. ಒಪ್ಪಬಹುದಾ?

ಉತ್ತರ 1: ಸಹಿ ಹಾಕಲೇಬೇಡಿ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯೋದು, ಸೇವಾ ಷರತ್ತನ್ನು ನಷ್ಟವಾಗೋ ಹಾಗೆ ಬದಲಿಸೋದು, ಎರಡೂ ಕಾನೂನುಬಾಹಿರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಸೆಕ್ಷನ್ ಹೇಳಿದ್ದೂ ಇದನ್ನೇ, 2020ರ ಸಾಮಾಜಿಕ ಭದ್ರತಾ ಸಂಹಿತೆಯ 68ನೇ ಸೆಕ್ಷನ್ ಹೇಳೋದೂ ಇದನ್ನೇ. ಆದರೆ ರಾಜೀನಾಮೆ ನಿಮ್ಮ ಕೈಬರಹದಲ್ಲಿದ್ದರೆ "ನಾವೆಲ್ಲಿ ತೆಗೆದ್ವಿ, ಅವರೇ ಬಿಟ್ಟರು" ಅಂತಾರೆ. ಸರ್ವಿಸೂ ಮುರಿಯುತ್ತೆ. 26 ವಾರದ ರಜೆ ಗ್ರಾಚ್ಯುಟಿ ಲೆಕ್ಕಕ್ಕೆ ಸೇರುತ್ತೆ, ಮುರಿದ ಸರ್ವಿಸ್ ಸೇರಲ್ಲ.

ಉತ್ತರ 2: ತಾರೀಖು ಸರಿಯಾಗಿ ಎಣಿಸಿ. 26 ವಾರ ಅಂದರೆ ಭಾನುವಾರವೂ ಸೇರಿ 182 ದಿನ. "ಆರು ತಿಂಗಳು" ಅಲ್ಲ. ಜನವರಿ 6ರಿಂದ ಎಣಿಸಿದರೆ ಕೊನೆಯ ದಿನ ಜುಲೈ 6, ಹಾಜರಾಗೋದು 7ಕ್ಕೆ (ಅಧಿಕ ವರ್ಷವಾದರೆ ಒಂದು ದಿನ ಹಿಂದಕ್ಕೆ). ಹತ್ತು ದಿನ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿ: ರಜೆಯ ಕೊನೆಯ ದಿನ, ಹಾಜರಾಗೋ ದಿನ, ಈಗಿನ ಹುದ್ದೆ, ಈಗಿನ ಸಂಬಳ. ನಾಲ್ಕೇ ಸಾಲು ಸಾಕು, ಜಗಳದ ಮಾತು ಬೇಡ. ಪ್ರತಿಯನ್ನು ಸ್ವಂತ ಮೇಲ್‌ಗೂ ಕಳಿಸಿಕೊಳ್ಳಿ. ಕಂಪನಿ ಲಾಗಿನ್ ಯಾವಾಗ ಬೇಕಾದರೂ ಬಂದ್ ಆಗಬಹುದು. ಫೋನಲ್ಲಿ ಹೇಳಿದ್ದನ್ನು "ಇಂದು ತಾವು ಹೇಳಿದಂತೆ..." ಅಂತ ಬರೆದು ಕಳಿಸಿ. ಆ ದಿನ ಗೇಟಲ್ಲೇ ತಡೆದರೆ, ಎಷ್ಟು ಗಂಟೆಗೆ ಬಂದಿರಿ, ಯಾರು ತಡೆದರು ಅಂತ ಅವತ್ತೇ ಮೇಲ್ ಮಾಡಿ. ಇಲ್ಲದಿದ್ದರೆ ಎರಡು ವಾರ ಬಿಟ್ಟು "ಹೇಳದೆ ಗೈರುಹಾಜರು" ಅನ್ನೋ ನೋಟಿಸ್ ಬರುತ್ತೆ. ಇದು ಹಳೇ ಆಟ.

ಉತ್ತರ 3: ಒಂದು ತಿದ್ದುಪಡಿ. ಅದೇ ಕುರ್ಚಿ, ಅದೇ ಟೀಮ್ ವಾಪಸ್ ಕೊಡಲೇಬೇಕು ಅಂತ ಕಾನೂನಿನಲ್ಲಿ ಬಿಡಿಸಿ ಬರೆದಿಲ್ಲ. ಅದೇ ಗ್ರೇಡ್, ಅದೇ ಸಂಬಳದಲ್ಲಿ ಬೇರೆ ಟೀಮ್ ಕೊಟ್ಟರೆ ಕೇಸ್ ಸಡಿಲ. ಇಲ್ಲಿ 6,000 ಕಡಿತ ಇದೆಯಲ್ಲ, ಹಿಡಿಯಬೇಕಾದ್ದು ಅದನ್ನೇ. ತೆಗೆದ ಆದೇಶ ಕೈಸೇರಿದ ಮೇಲೆ ಮೇಲ್ಮನವಿಗೆ 60 ದಿನ ಮಾತ್ರ. ಎಚ್‌ಆರ್ "ಮಾತಾಡೋಣ" ಅಂತ ಅಷ್ಟರಲ್ಲಿ ಎರಡು ತಿಂಗಳು ಎಳೆದುಬಿಡ್ತಾರೆ. ರಜೆಯ ಹಣ ಬಾಕಿ ಇದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಬೇರೆ ಅರ್ಜಿ ಕೊಡಿ. ಅಂದಹಾಗೆ, 50 ಜನಕ್ಕಿಂತ ಹೆಚ್ಚಿರೋದರಿಂದ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಲೇಬೇಕು, ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವೂ ಉಂಟು. ಹಾಜರಾಗೋ ಮೇಲ್‌ನಲ್ಲೇ ಇವನ್ನೂ ಕೇಳಿಬಿಡಿ.