ಒಪ್ಪಿಸಿದವರೇ ಇಲ್ಲದಾಗ ‘ಸುಪರ್ದಿ’ ಎನ್ನಬಹುದೆ?

ಬಲ್ಲವರಲ್ಲಿ ಒಂದು ಪದದ ವಿಚಾರವಾಗಿ ಕೇಳಬೇಕಾಗಿದೆ. ಮದುವೆಯಾಗದೆ ತಂದೆತಾಯಿಯಾದವರಿಗೆ ಕಾನೂನು ತಿಳಿಸುವ ಕಿರುಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ನ್ಯಾಯಾಲಯದ ಆದೇಶ ಇಲ್ಲದಿರುವಾಗ ಮಗುವಿನ ಕಸ್ಟಡಿ ಯಾರಿಗೆ?’ ಎಂಬುದು ಅದರ ಮೊದಲ ಪ್ರಶ್ನೆ. ರೂಢಿಯಂತೆ ‘ಸುಪರ್ದಿ’ ಎಂದು ಬರೆದು, ಮಗಳನ್ನು ಒಬ್ಬರೇ ಬೆಳೆಸುತ್ತಿರುವ ತಾಯಿಯೊಬ್ಬರಿಗೆ ಕರಡನ್ನು ಓದಲು ಕೊಟ್ಟೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು, “ನನ್ನ ಸುಪರ್ದಿಗೆ ಕೊಟ್ಟವರು ಯಾರು? ಹೆತ್ತವಳು ನಾನೇ ಅಲ್ಲವೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಆಕ್ಷೇಪ ಪದದ ಮೂಲಕ್ಕೇ ಮುಟ್ಟುತ್ತದೆ. ‘ಒಪ್ಪಿಸು’ ಎಂಬರ್ಥದ ಫಾರಸಿ ಧಾತುವಿನಿಂದ ಬಂದ ಸುಪರ್ದಿಯಲ್ಲಿ ಒಪ್ಪಿಸುವವರೊಬ್ಬರು, ಒಪ್ಪಿಸಿಕೊಳ್ಳುವವರೊಬ್ಬರು ಇರಲೇಬೇಕು. ವಿಚ್ಛೇದನದ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಮಗುವನ್ನು ತಂದೆಗೋ ತಾಯಿಗೋ ಒಪ್ಪಿಸುವುದರಿಂದ ಅಲ್ಲಿ ಪದ ಸರಿಯಾಗಿ ಹೊಂದುತ್ತದೆ. ಆದೇಶವೇ ಇಲ್ಲದ ಕಡೆ ಒಪ್ಪಿಸುವವರ ಜಾಗ ಖಾಲಿ ಉಳಿಯುತ್ತದೆ. ‘ವಶ’ ಎನ್ನೋಣವೆಂದರೆ, ‘ಮಗು ತಂದೆಯ ವಶದಲ್ಲಿದೆ’ ಎಂಬ ವಾಕ್ಯ ಮಗು ಈಗ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ, ಅಲ್ಲಿರಿಸಿಕೊಳ್ಳುವ ಹಕ್ಕು ಆತನಿಗಿದೆಯೆ ಎಂಬುದನ್ನು ಹೇಳುವುದಿಲ್ಲ. ಮೇಲಾಗಿ ಅದು ಆರೋಪಿಗಳಿಗೂ ಜಪ್ತಿಯಾದ ಮಾಲಿಗೂ ಬಳಸುವ ಪದ. ಕಾನೂನು ಅನುವಾದಗಳ ‘ಅಭಿರಕ್ಷೆ’ಯನ್ನು ಈ ಪುಸ್ತಕದ ಓದುಗರು ಕೇಳಿಯೇ ಇರಲಾರರು.

ಕಾನೂನು ಇಲ್ಲಿ ಎರಡು ವಿಷಯಗಳನ್ನು ಬೇರೆಬೇರೆಯಾಗಿ ನೋಡುತ್ತದೆ: ಮಗುವನ್ನು ಜೊತೆಯಲ್ಲಿಟ್ಟುಕೊಳ್ಳುವುದು ಒಂದು, ಅದರ ಪರವಾಗಿ ತೀರ್ಮಾನ ಮಾಡುವ ಅಧಿಕಾರ ಇನ್ನೊಂದು. ಎರಡನೆಯದನ್ನು ಹೊಂದಿದವರನ್ನು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ‘ಸಹಜ ಪೋಷಕ’ರೆನ್ನುತ್ತದೆ. ತಂದೆತಾಯಿಗೆ ಮದುವೆಯಾಗಿದ್ದರೆ ಅದರ 6ನೇ ಪ್ರಕರಣ ತಂದೆಯನ್ನು ಮೊದಲು ಹೆಸರಿಸುತ್ತದೆ. ಆಗಿಲ್ಲದಿದ್ದರೆ ತಾಯಿಯೇ ಮೊದಲು, ಆಕೆಯ ನಂತರ ತಂದೆ. ಇದಕ್ಕೆ ಆದೇಶವೇನೂ ಬೇಕಿಲ್ಲ. ತಂದೆ ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು, ಅಲ್ಲಿ ಮಗುವಿನ ಹಿತವೇ ಪ್ರಧಾನ. ಅವಿವಾಹಿತ ತಾಯಿ ತಾನೊಬ್ಬಳೇ ಪೋಷಕಿಯೆಂದು ನೇಮಿಸಬೇಕೆಂದು ಕೇಳಿದಾಗ ತಂದೆಗೆ ನೋಟಿಸು ಕೊಡುವುದು ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಇಷ್ಟು ಸ್ಪಷ್ಟವಾಗಿರುವ ವಿಷಯ ಕನ್ನಡದಲ್ಲಿ ಮಸುಕಾಗುವುದಕ್ಕೆ ‘ಪೋಷಕರು’ ಎಂಬ ಪದವೂ ಕಾರಣ. ಶಾಲೆಯ ಸೂಚನಾಪತ್ರದಲ್ಲಿ ಪೋಷಕರೆಂದರೆ ತಂದೆತಾಯಿ ಇಬ್ಬರೂ. ಹಾಗಿರುವಾಗ ‘ತಾಯಿಯೇ ಸಹಜ ಪೋಷಕಿ’ ಎಂದು ಓದಿದವರಿಗೆ ಅದರಲ್ಲಿ ಹೊಸದೇನಿದೆ ಎನ್ನಿಸುತ್ತದೆ, ಅದೊಂದು ಕಾನೂನಿನ ಸ್ಥಾನ ಎಂಬುದು ಹೊಳೆಯುವುದಿಲ್ಲ.

1956ರ ಕಾಯ್ದೆಯ ಅದೇ 6ನೇ ಪ್ರಕರಣದಲ್ಲಿ ಈ ಮಕ್ಕಳಿಗಿರುವ ಮಾತನ್ನು ಕನ್ನಡದಲ್ಲಿ ‘ಅಕ್ರಮ ಸಂತಾನ’ ಎನ್ನುವುದುಂಟು. ಅದನ್ನು ಬರೆಯಲು ನನ್ನ ಕೈ ಏಳಲಿಲ್ಲ. ‘ವಿವಾಹೇತರ’ ಎಂದರೆ ಮದುವೆಯಾದವರ ಬೇರೆ ಸಂಬಂಧದ ಅರ್ಥ ಬರುತ್ತದೆ. ‘ಅವಿವಾಹಿತ ತಂದೆತಾಯಿಯ ಮಗು’ ಎಂದೇ ಇಟ್ಟಿದ್ದೇನೆ. ಉದ್ದವಾದರೂ ಮಗುವಿನ ಮೇಲೆ ದೋಷ ಹೊರಿಸುವುದಿಲ್ಲ.

ಇಂಗ್ಲೆಂಡಿನಲ್ಲಿಯೂ ಕಸ್ಟಡಿ ಎಂಬ ಪದ ತೊಡಕೆನಿಸಿ, ಅಲ್ಲಿಯ 1989ರ ಮಕ್ಕಳ ಕಾಯ್ದೆ ಅದನ್ನು ಬಿಟ್ಟು ‘ವಾಸ’ ಮತ್ತು ‘ಸಂಪರ್ಕ’ ಎಂಬರ್ಥದ ಪದಗಳನ್ನು ತಂದಿತು. ಆ ಜಾಡಿನಲ್ಲಿ ಸದ್ಯಕ್ಕೆ ‘ಮಗುವನ್ನು ಜೊತೆಯಲ್ಲಿಟ್ಟುಕೊಳ್ಳುವ ಹಕ್ಕು’ ಎಂದು ಬರೆದಿದ್ದೇನೆ. ಓದಿದ ತಾಯಿಗೆ ಇದು ಒಪ್ಪಿಗೆಯಾಯಿತು. ಆದರೆ ‘ಜಂಟಿ ಕಸ್ಟಡಿ’, ‘ಕಸ್ಟಡಿ ಅರ್ಜಿ’ ಎಂಬಲ್ಲೆಲ್ಲ ಇಷ್ಟುದ್ದದ ಮಾತನ್ನು ಸಮಾಸ ಮಾಡಲಾಗದು. ‘ಮಗು ಯಾರ ಹತ್ತಿರ ಇದೆ’ ಎಂಬುದನ್ನಲ್ಲದೆ ‘ಯಾರ ಹತ್ತಿರ ಇರತಕ್ಕದ್ದು’ ಎಂಬುದನ್ನು ಒಂದೇ ನಾಮಪದದಲ್ಲಿ ಹೇಳುವ ಬಳಕೆ ಯಾರ ಆಡುಮಾತಿನಲ್ಲಾದರೂ ಇದೆಯೆ? ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.